ಶಂಕುಭಾಗದ ನಕ್ಷೆಯಲ್ಲಿ ಆಧಾರದ ನಿರ್ಣಯ

ಯಂತ್ರಭಾಗದ ನಕ್ಷೆಯಲ್ಲಿ ಅಳತೆಗಳಿದ್ದರಷ್ಟೇ ಸಾಲದು. ಅವನ್ನು ಎಲ್ಲಿಂದ ಎಣಿಸಬೇಕೆಂಬುದೂ ಸ್ಪಷ್ಟವಾಗಿರಬೇಕು. ಆ ಮೂಲಕ್ಕೆ ಡೇಟಮ್ ಎಂದು ಹೆಸರು. ಸಮತಲ ಮುಖದಲ್ಲಾಗಲಿ, ಸಮವ್ಯಾಸದ ದಂಡದಲ್ಲಾಗಲಿ ಅದನ್ನು ಗೊತ್ತುಪಡಿಸುವುದು ಸುಲಭ. ಟೇಪರ್ ಭಾಗ ಬಂದಾಗ ಅನುಭವಸ್ಥರೂ ತಡವರಿಸುವುದುಂಟು.

ಸಮವ್ಯಾಸದ ದಂಡವನ್ನು ಅದಕ್ಕೊಪ್ಪುವ ರಂಧ್ರದಲ್ಲಿಟ್ಟರೆ ಅದು ಪಕ್ಕಕ್ಕೆ ಸರಿಯದು, ಓರೆಯಾಗದು. ಆದರೆ ಹಿಂದುಮುಂದಕ್ಕೆ ಜಾರೀತು, ತನ್ನ ಅಕ್ಷದ ಸುತ್ತ ತಿರುಗೀತು. ಆರು ಬಗೆಯ ಚಲನೆಗಳಲ್ಲಿ ನಾಲ್ಕು ಮಾತ್ರ ನಿಂತಂತಾಯಿತು. ಶಂಕುವಾದರೋ ಗೂಡಿನಲ್ಲಿ ಒತ್ತಿ ಕುಳಿತೊಡನೆ ಜಾರುವುದೂ ನಿಲ್ಲುತ್ತದೆ, ಉಳಿಯುವುದು ತಿರುಗುವುದೊಂದೇ. ಆದಕಾರಣ ಶಂಕುವು ಕೊಡುವ ಆಧಾರ ಬರಿಯ ಅಕ್ಷವಲ್ಲ. ಅಕ್ಷ ಮತ್ತು ಅದರ ಮೇಲಿನ ಒಂದು ಬಿಂದು. ಡೇಟಮ್ ಚಿಹ್ನೆಯನ್ನು ಮಧ್ಯರೇಖೆಗೆ ಹಚ್ಚುವುದು ಸಲ್ಲದು. ಗೇಜು ಮುಟ್ಟುವುದು ಮೇಲ್ಮೈಯನ್ನೇ ಹೊರತು ಕಾಣದ ಅಕ್ಷವನ್ನಲ್ಲ.

ಈ ಐದನೆಯ ನಿರ್ಬಂಧವೇ ತೊಡಕಿನ ಮೂಲ. 1:20ರ ಟೇಪರಿನಲ್ಲಿ ವ್ಯಾಸವು ಕೇವಲ 0.01 ಮಿ.ಮೀ. ಹೆಚ್ಚಾದರೂ ಭಾಗವು 0.2 ಮಿ.ಮೀ. ಹೊರಗೆ ನಿಲ್ಲುತ್ತದೆ. ಮಿಲ್ಲಿಂಗ್ ಯಂತ್ರದ 7:24ರ ಕಡಿದಾದ ಟೇಪರಿನಲ್ಲಿ ಅದೇ ವ್ಯತ್ಯಾಸಕ್ಕೆ ಸರಿತ ಸುಮಾರು 0.034 ಮಿ.ಮೀ. ಮಾತ್ರ. ಮೋರ್ಸ್ ಟೇಪರಿನ ಡ್ರಿಲ್ಲಿಗೆ ಇದರಿಂದ ಬಾಧಕವಿಲ್ಲ; ಆಳವನ್ನು ಕೆಲಸಗಾರನು ಹೇಗೂ ಮತ್ತೆ ಹೊಂದಿಸಿಕೊಳ್ಳುತ್ತಾನೆ. ಟೇಪರ್ ದಂಡದ ಮೇಲೆ ಕೂರುವ ಬೆವೆಲ್ ಗಿಯರಿನ ಮಾತು ಬೇರೆ. ಅದು ಅಷ್ಟು ಸರಿದರೆ ಹಲ್ಲುಗಳ ಹೊಂದಿಕೆಯೇ ಕೆಡುತ್ತದೆ.

ಹಾಗೆಂದು ಶಂಕುವಿನ ಜೊತೆಗೆ ಭುಜದ ಸಮತಲವನ್ನೂ ಆಧಾರವಾಗಿ ಹೆಸರಿಸಿದರೆ ಎರಡೂ ಒಂದೇ ಚಲನೆಗಾಗಿ ಸೆಣಸುತ್ತವೆ. ಶಂಕು ಮೊದಲು ಕುಳಿತರೆ ಭುಜ ಮುಟ್ಟದು. ಭುಜ ಮುಟ್ಟಿದರೆ ಶಂಕು ಸಡಿಲ. 1:10ರ ಎಚ್‌ಎಸ್‌ಕೆ ಹಿಡಿಕೆಯಲ್ಲಿ ಎರಡೂ ಕೂರುವುದು ಅದರ ಟೊಳ್ಳು ಶಂಕು ತುಸು ಮಣಿಯುವುದರಿಂದ. ಗಟ್ಟಿ ಭಾಗದಲ್ಲಿ ಅದನ್ನು ನಿರೀಕ್ಷಿಸಲಾಗದು. ಅಲ್ಲಿ ನಕ್ಷೆಗಾರನೇ ತೀರ್ಮಾನಿಸಬೇಕು: ಶಂಕುವಿನಿಂದ ಅಕ್ಷವನ್ನಷ್ಟೇ ಪಡೆದು, ಉದ್ದದ ನೆಲೆಯನ್ನು ಸಮತಲಕ್ಕೆ ಬಿಡಬಹುದು. ಹೀಗೆ ನಿರ್ಬಂಧವನ್ನು ಬಿಡಿಸಿ ಬರೆಯುವ ವಿಧಾನವನ್ನು ಅಮೆರಿಕದ ವೈ 14.5 ಪ್ರಮಾಣವು 2009ರ ಆವೃತ್ತಿಯಲ್ಲಿಯೂ, ಅಂತರರಾಷ್ಟ್ರೀಯ ಐಎಸ್‌ಒ 5459 ಪ್ರಮಾಣವು 2011ರ ಆವೃತ್ತಿಯಲ್ಲಿಯೂ ತಿಳಿಸಿವೆ.

ಇಷ್ಟಾದರೂ ಮೇಲ್ಮೈ ಸರಿಯಿರಬೇಕು. ಗೇಜಿಗೆ ನೀಲಿ ಸವರಿ ತಿರುಗಿಸಿದಾಗ ಬಣ್ಣವು ಒಂದು ತುದಿಯಲ್ಲಿ ಮಾತ್ರ ಹತ್ತಿದರೆ ಕೋನ ತಪ್ಪಿದೆಯೆಂದೇ ಅರ್ಥ. ಅಂಥ ಶಂಕು ಗೂಡಿನಲ್ಲಿ ಓಲಾಡುತ್ತದೆ, ಪ್ರತಿ ಸಲವೂ ಬೇರೆ ಅಕ್ಷವನ್ನು ತೋರುತ್ತದೆ. ಆದ್ದರಿಂದ ಶಂಕುವನ್ನು ಡೇಟಮ್ ಎಂದು ಗುರುತಿಸುವ ನಕ್ಷೆಯಲ್ಲಿಯೇ ಅದರ ಆಕಾರಕ್ಕೂ ಮಿತಿಯನ್ನು ನಮೂದಿಸತಕ್ಕದ್ದು.