ಅಳಿವೆ ದಾಟುವ ಹೈದರಿಗೆ

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಟ್ರಾಲ್ ದೋಣಿ, ಪರ್ಸೀನ್ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಆಗ ಕಡಲಿಗೆ ಇಳಿಯಲು ಬಿಡುಗಡೆ ಇರುವುದು 10 ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿಕೊಂಡ ನಮ್ಮ ನಾಡದೋಣಿಗಳಿಗೆ ಮಾತ್ರ. ವರ್ಷದಲ್ಲೇ ಅತಿ ಕೆಟ್ಟ ಕಡಲು, ಅದರ ಮೇಲೆ ಅತಿ ಸಣ್ಣ ದೋಣಿ. ಈ ಮಳೆಗಾಲಕ್ಕೆ ಮೊದಲ ಸಲ ದೋಣಿ ಹತ್ತುವ ಹೈದರು ಬ್ರಹ್ಮಾವರದ ಕೋಡಿಬೆಂಗ್ರೆಯಿಂದ ಬೈಂದೂರಿನ ಶಿರೂರಿನವರೆಗೆ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಹತ್ತಿರ ಕೂತು ಒಂದು ವಿಷಯ ಹೇಳಬೇಕಾಗಿದೆ.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ತೂಫಾನ್ ಎದ್ದು ಕಡಲು ಒಮ್ಮೆ ಅಡಿಮೇಲಾದರೆ ಚಟ್ಲಿ ದಡದ ಹತ್ತಿರ ಬರುತ್ತದೆ, ಬಂಗುಡೆ, ಬೂತಾಯಿ ಬರುತ್ತವೆ ಎಂಬುದು ನಮ್ಮ ಹಿರಿಯರು ಕಂಡುಕೊಂಡದ್ದು. ಆ ಎರಡು ತಿಂಗಳ ಬಲೆಯನ್ನು ನಂಬಿಯೇ ಎಷ್ಟೋ ಮನೆಯಲ್ಲಿ ಮಕ್ಕಳ ಶಾಲೆ ಫೀಸು, ಸೊಸೈಟಿ ಸಾಲದ ಕಂತು ನಿಂತಿರುತ್ತದೆ. ದುಡಿಯುವವನ ಕೈ ಹಿಡಿದು ಎಳೆಯುವ ಹಕ್ಕು ಯಾರಿಗೂ ಇಲ್ಲ. ನನ್ನ ಮಾತು ಹೊಳೆ ಕಡಲು ಸೇರುವ ಅಳಿವೆಯ ಬಗ್ಗೆ, ಜೀವರಕ್ಷಕ ಜಾಕೆಟ್ಟಿನ ಬಗ್ಗೆ.

ನಮ್ಮವರನ್ನು ಕಳಕೊಂಡದ್ದು ನಡುಗಡಲಿಗಿಂತ ಹೆಚ್ಚಾಗಿ ಮನೆ ಕಾಣುವಷ್ಟು ಹತ್ತಿರದಲ್ಲಿ. 2020ರ ಆಗಸ್ಟ್‌ನಲ್ಲಿ ಕಿರಿಮಂಜೇಶ್ವರದ ಕೊಡೇರಿಯಲ್ಲಿ ನಾಡದೋಣಿ ಮಗುಚಿ ನಾಲ್ವರು ಹೋದರು. 2025ರ ಜುಲೈಯಲ್ಲಿ ಗಂಗೊಳ್ಳಿಯಲ್ಲಿ ನಾಲ್ವರಿದ್ದ ದೋಣಿ ಮಗುಚಿತು. ಒಬ್ಬರು ಬದುಕಿದರು, ಮೂವರು ಹೋದರು. ಆ ಮನೆಗಳ ಅಂಗಳದಲ್ಲಿ ಒಣಹಾಕಿದ ಬಲೆಯನ್ನು ಮಡಚಲು ಯಾರಿಗೆ ಮನಸ್ಸು ಬಂದೀತು?

ಅಳಿವೆಯಲ್ಲಿ ದೋಣಿ ಯಾಕೆ ಮಗುಚುತ್ತದೆ ಎಂದು ಸರಿಯಾಗಿ ತಿಳಿದುಕೊಳ್ಳಿ. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಒಂದೇ ಬಾಯಿಯಲ್ಲಿ ಕಡಲಿಗೆ ಬೀಳುತ್ತದೆ. ಕೋಡಿಬೆಂಗ್ರೆಯಲ್ಲಿ ಸೀತೆ, ಸ್ವರ್ಣೆ ಎರಡೂ ಬರುತ್ತವೆ. ಘಟ್ಟದಲ್ಲಿ ಮಳೆ ಹೊಡೆದಾಗ ಆ ಕೆಂಪು ನೀರು ಹೊರಗೆ ನುಗ್ಗುತ್ತದೆ. ಕಡಲು ಇಳಿತದಲ್ಲಿದ್ದರೆ ಆ ಸೆಳೆತ ಇನ್ನೂ ಜೋರು. ಅದಕ್ಕೆ ಎದುರಾಗಿ ಹೊರಗಿನಿಂದ ಅಲೆ ಬರುತ್ತದೆ. ಎದುರು ಸೆಳೆತಕ್ಕೆ ಸಿಕ್ಕಿ ಅಲೆಗಳ ನಡುವಿನ ಅಂತರ ಕಮ್ಮಿಯಾಗಿ, ಅಲೆ ಎತ್ತರವಾಗಿ, ಗೋಡೆಯಂತೆ ನಿಲ್ಲುತ್ತದೆ. ಅಡಿಯಲ್ಲಿ ಹೂಳು ತುಂಬಿ ಆಳ ಕಮ್ಮಿಯಾಗಿದ್ದರೆ ಅಲ್ಲೇ ಒಡೆಯುತ್ತದೆ. ಬ್ರೇಕ್‌ವಾಟರಿನ ಕಲ್ಲಿಗೆ ಬಡಿದು ತಿರುಗಿ ಬರುವ ಅಲೆ ಬೇರೆ, ಅದು ಯಾವ ಕಡೆಯಿಂದ ಏಳುತ್ತದೆ ಎಂದು ಹೇಳಲಾಗದು. ಆದ್ದರಿಂದ ಇಳಿತದ ಹೊತ್ತಿನಲ್ಲಿ, ಹೊಳೆ ಕೆಂಪಾಗಿರುವಾಗ ಅಳಿವೆ ದಾಟಲು ಹೋಗಬೇಡಿ. ಭರತದ ವೇಳೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಲೆಕ್ಕ ಇಟ್ಟುಕೊಂಡು ಕಾಯಿರಿ. ಮೀನು ಹಾಳಾಗುತ್ತದೆ, ಹರಾಜಿಗೆ ತಡವಾಗುತ್ತದೆ, ನಿಜ. ಆದರೂ ಕಾಯಿರಿ.

ಇನ್ನು ಜಾಕೆಟ್. ದೋಣಿಯಲ್ಲಿ ಜಾಕೆಟ್ ಇಲ್ಲವೆಂದಲ್ಲ. ಇರುತ್ತದೆ, ಬಲೆಯ ಅಡಿಯಲ್ಲಿ, ಐಸ್ ಪೆಟ್ಟಿಗೆಯ ಹಿಂದೆ. ಮಗುಚುವ ಅಲೆ ಅದನ್ನು ಹುಡುಕಿ ತೊಡಲು ಸಮಯ ಕೊಡುವುದಿಲ್ಲ. 'ಹೊಳೆದಡದಲ್ಲಿ ಹುಟ್ಟಿದವನಿಗೆ ಜಾಕೆಟ್ ಎಂತಕ್ಕೆ' ಎಂದು ನಿಮ್ಮನ್ನು ನಗಾಡುವವರು ಇದ್ದಾರೆ, ಅವರಲ್ಲಿ ನನ್ನ ವಾರಿಗೆಯವರೂ ಇದ್ದಾರೆ. ಈಜು ಬರುವುದು ಎಚ್ಚರ ಇರುವವರೆಗೆ. ದೋಣಿಯ ಅಂಚು ತಲೆಗೆ ಬಡಿದರೆ, ಇಂಜಿನ್ ಮೈಮೇಲೆ ಬಿದ್ದರೆ, ಬಲೆ ಕಾಲಿಗೆ ಸುತ್ತಿದರೆ ಎಷ್ಟು ದೊಡ್ಡ ಈಜುಗಾರನ ಕೈಯೂ ಸೋಲುತ್ತದೆ. ಅದಕ್ಕೇ ಸೊಂಟದಲ್ಲಿ ಒಂದು ಚೂರಿಯೂ ಇರಲಿ, ಬಲೆ ಕೊಯ್ಯಲು.

ಜಾಕೆಟ್ ಕೊಳ್ಳುವಾಗ ಒಳಗಿನ ಚೀಟಿ ಓದಿ. 50 ನ್ಯೂಟನ್ ಎಂದಿದ್ದರೆ ಅದು ದಡದ ಹತ್ತಿರ ಈಜುವವನಿಗೆ ಆಸರೆ, ಅಷ್ಟೆ. 100 ಎಂದರೆ ಸುಮಾರು ಹತ್ತು ಕಿಲೋ ಎತ್ತುವ ಬಲ, ಶಾಂತ ನೀರಿಗೆ ಸಾಕು. ಎಚ್ಚರ ತಪ್ಪಿದವನ ಮುಖವನ್ನು ಒರಟು ಕಡಲಲ್ಲೂ ಮೇಲಕ್ಕೆ ತಿರುಗಿಸಿ ಹಿಡಿಯಬೇಕಾದರೆ 150ರದ್ದು ಬೇಕು. ದಪ್ಪ, ಸೆಕೆ, ಬಲೆ ಎಳೆಯುವಾಗ ಅಡ್ಡ ಬರುತ್ತದೆ ಎಂಬುದು ನನಗೆ ಗೊತ್ತು. ಬಲೆ ಎಳೆಯುವ ಹೊತ್ತಿನ ಚರ್ಚೆ ಬೇಕಾದರೆ ಆಮೇಲೆ ಮಾಡೋಣ. ಅಳಿವೆ ದಾಟುವಾಗ, ಹೋಗುವಾಗಲೂ ಬರುವಾಗಲೂ, ಅದು ಮೈಮೇಲೆ ಇರಲೇಬೇಕು. ಪಟ್ಟಿಗಳನ್ನೆಲ್ಲ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟ ಜಾಕೆಟ್ ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿನಿಂದ ಕಳಚಿ ಹೋಗುತ್ತದೆ. ಅದನ್ನು ತಲೆದಿಂಬು ಮಾಡಿ ಮಲಗಬೇಡಿ. ಒಳಗಿನ ಫೋಮ್ ಚಪ್ಪಟೆಯಾದರೆ ತೇಲುವ ಶಕ್ತಿ ಹೋಯಿತು.

ನಿಮ್ಮನ್ನು ಕಾಯುವವರು ಬೇರೆಯೂ ಇದ್ದಾರೆ. ಕರಾವಳಿ ಕಾವಲು ಪೊಲೀಸ್ ಪಡೆಯ ಸಂಖ್ಯೆ 1093, ಕೋಸ್ಟ್ ಗಾರ್ಡಿನದ್ದು 1554. ನೀರು ಹೋಗದ ಚೀಲದಲ್ಲಿ ಮೊಬೈಲ್ ಇಟ್ಟುಕೊಳ್ಳಿ. ಮತ್ಸ್ಯಸಂಪದ ಯೋಜನೆಯಲ್ಲಿ ಅಪಘಾತ ವಿಮೆ ಇದೆ, ಕಂತನ್ನು ಸರ್ಕಾರಗಳೇ ಕಟ್ಟುತ್ತವೆ, ಹೆಸರು ಸೇರಿಸಿ. ಆದರೆ ಆ ವಿಮೆಯ ಐದು ಲಕ್ಷ ಮನೆಗೆ ಬರುವುದು ನೀವು ಇಲ್ಲವಾದ ಮೇಲೆ. ಕಾಣೆಯಾದವರ ಹುಡುಕಾಟ ಎಂದರೆ ಏನೆಂದು 'ಸುವರ್ಣ ತ್ರಿಭುಜ' ನಮಗೆ ತೋರಿಸಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಆ ದೋಣಿಯ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿದ್ದು 2019ರ ಮೇಯಲ್ಲಿ. ಅದರಲ್ಲಿದ್ದ ಏಳು ಮಂದಿಯ ಮನೆಗಳು ಅಷ್ಟು ತಿಂಗಳು ಬಾಗಿಲು ನೋಡುತ್ತ ಕೂತವು.

ಒಂದು ಕಷ್ಟದ ಮಾತು ಉಳಿದಿದೆ. ಬೆಳಿಗ್ಗೆ ದಡದಲ್ಲಿ ನಿಂತಾಗ ನಿಮಗೆ ಅಲೆ ಸರಿ ಕಾಣದೆ, ದೋಣಿಯ ಹಿರಿಯ 'ಎಂತ ಆತಿಲ್ಲೆ ಮಾರಾಯ, ಹತ್ತು' ಎಂದರೆ ಏನು ಮಾಡುತ್ತೀರಿ? ಹಿರಿಯರಿಗೆ ಎದುರಾಡಬಾರದು ಎಂದು ನಾವೇ ನಿಮಗೆ ಕಲಿಸಿದ್ದೇವೆ. ಈ ಒಂದು ವಿಷಯದಲ್ಲಿ ಎದುರಾಡಿ. 'ಇವತ್ತು ಬೇಡ ಅಣ್ಣ' ಎಂದು ಹೇಳಿ, ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದರೆ ತೋರಿಸಿ. ಒಬ್ಬ ಹೇಳಿದರೆ ಇನ್ನೊಬ್ಬನಿಗೂ ಬಾಯಿ ಬರುತ್ತದೆ. ನಿಮ್ಮನ್ನು ಪುಕ್ಕಲ ಎಂದವರ ಮಾತು ಸಂಜೆಯವರೆಗೂ ಉಳಿಯದು.

ಜೂನ್ ಬರುವ ಮುಂಚೆ ನಿಮ್ಮ ದೋಣಿಯ ಜಾಕೆಟ್‌ಗಳನ್ನೆಲ್ಲ ಹೊರಗೆ ತೆಗೆಯಿರಿ. ತೊಟ್ಟುಕೊಂಡು ಶಾಂತವಾದ ಹೊಳೆನೀರಿನಲ್ಲಿ, ದಡದಲ್ಲಿ ಜನ ಇರುವಾಗ, ಇಳಿದು ತೇಲಿ ನೋಡಿ. ಹರಿದದ್ದು, ಚಪ್ಪಟೆಯಾದದ್ದು ಬೇಡವೆಂದು ತೆಗೆದುಹಾಕಿ. ದೋಣಿ ಹತ್ತುವವರಲ್ಲಿ ಒಬ್ಬನಿಗೆ ಜಾಕೆಟ್ ಕಮ್ಮಿ ಬಿದ್ದರೂ ಆ ದಿನ ದೋಣಿ ಇಳಿಸಬೇಡಿ.