ಪ್ರಾರ್ಥನೆ ಫಲಿಸದಾಗ

ಶ್ರೀಹರಿಯು ಸರ್ವೋತ್ತಮನು, ಸರ್ವಜ್ಞನು, ಅನಂತಕಲ್ಯಾಣಗುಣಪರಿಪೂರ್ಣನು, ದೋಷಗಂಧವರ್ಜಿತನು. ಇದು ಶ್ರೀಮದಾಚಾರ್ಯರ ಸಿದ್ಧಾಂತದ ತಳಹದಿ. ಆದರೆ ಹರಕೆ ಹೊತ್ತು, ಪಾರಾಯಣ ಮಾಡಿಸಿ, ಕಣ್ಣೀರಿಟ್ಟು ಬೇಡಿದರೂ ಮಗು ಉಳಿಯದ ಮನೆಯಲ್ಲಿ ಈ ಮಾತನ್ನಾಡುವುದು ಸುಲಭವಲ್ಲ. ದಯಾಮಯನಾದ ದೇವರು ಹೀಗೇಕೆ ಮಾಡಿದನೆಂದು ಅಲ್ಲಿ ಏಳುವ ಪ್ರಶ್ನೆಯನ್ನು ನಾಸ್ತಿಕತೆಯೆಂದು ತಳ್ಳಲಾಗದು. ಶಾಸ್ತ್ರವೇ ಅದನ್ನು ಎತ್ತಿಕೊಂಡು ವಿಚಾರಿಸಿದೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈ ವಿಚಾರವಿದೆ. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಕೊಡುವ ಈಶ್ವರನಿಗೆ ವೈಷಮ್ಯ, ಅಂದರೆ ಪಕ್ಷಪಾತ, ನೈರ್ಘೃಣ್ಯ, ಅಂದರೆ ನಿರ್ದಯತೆ, ಎಂಬ ದೋಷಗಳು ಬರುವುದಿಲ್ಲವೇ ಎಂಬುದು ಪೂರ್ವಪಕ್ಷ. ಜೀವರ ಕರ್ಮವನ್ನನುಸರಿಸಿಯೇ ಅವನು ಫಲವನ್ನೀಯುವುದರಿಂದ ಆ ದೋಷಗಳಿಲ್ಲವೆಂಬುದು ಸಿದ್ಧಾಂತ. ಆ ಕರ್ಮಕ್ಕೆ ಮೊದಲೆಲ್ಲಿ ಎಂದರೆ, ಕರ್ಮಪ್ರವಾಹವು ಅನಾದಿ. ಜೀವರೂ ಅವರವರ ಸ್ವರೂಪಯೋಗ್ಯತೆಯೂ ಅನಾದಿ. ಕರ್ಮವನ್ನು ಅಪೇಕ್ಷಿಸಿದ ಮಾತ್ರಕ್ಕೆ ಶ್ರೀಹರಿಯ ಸ್ವಾತಂತ್ರ್ಯಕ್ಕೆ ಕುಂದಿಲ್ಲ; ಕರ್ಮವಿರುವುದೂ ಅವನ ಅಧೀನದಲ್ಲಿಯೇ.

ಎಲ್ಲವೂ ಅವನ ಅಧೀನವಾದರೆ ನಮ್ಮ ಪಾಪಕ್ಕೆ ನಾವೇಕೆ ಹೊಣೆ? ಇದಕ್ಕೆ ಸೂತ್ರಕಾರರು ಬಡಗಿಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಬಡಗಿಯು ಕೆಲಸ ಮಾಡಿಸುವವನ ಅಧೀನನಾದರೂ, ಉಳಿ ಹಿಡಿದು ಮರ ಕೆತ್ತುವವನು ತಾನೇ. ಹಾಗೆಯೇ ಜೀವನೂ ಪರಾಧೀನನಾಗಿಯೇ ಕರ್ತೃವೆಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ವಿವರಿಸಿದ್ದಾರೆ. ಜೀವನ ಪ್ರಯತ್ನಕ್ಕೆ ಬೆಲೆಯಿಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ವಿಧಿನಿಷೇಧಗಳೇ ವ್ಯರ್ಥವಾದಾವು.

ಆದರೆ ಈ ತತ್ತ್ವವನ್ನು ಬಳಸುವಲ್ಲಿ ಎಚ್ಚರ ಬೇಕು. ನೊಂದವರ ಮುಂದೆ ಕುಳಿತು “ಎಲ್ಲ ನಿಮ್ಮ ಕರ್ಮ” ಎನ್ನುವುದು ಸಲ್ಲದು. ಯಾರ ಯಾವ ಕರ್ಮ ಎಲ್ಲಿ ಫಲಿಸಿತೆಂಬುದನ್ನು ಬಲ್ಲವನು ಸರ್ವಜ್ಞನೊಬ್ಬನೇ. ಕರ್ಮಸಿದ್ಧಾಂತವು ನಮ್ಮನ್ನು ನಾವು ತಿದ್ದಿಕೊಳ್ಳುವುದಕ್ಕೆ. ಪರರ ಮೇಲೆ ತೀರ್ಪು ಕೊಡುವುದಕ್ಕಲ್ಲ.

ಮಹಾಭಾರತದ ದ್ರೋಣಪರ್ವವನ್ನು ನೋಡೋಣ. ಸುಭದ್ರೆಯು ಶ್ರೀಕೃಷ್ಣನ ತಂಗಿ, ಅರ್ಜುನನ ಮಡದಿ. ಅವಳ ಮಗನಾದ ಅಭಿಮನ್ಯು ಚಕ್ರವ್ಯೂಹದಲ್ಲಿ ಮಡಿದನು. ಪಾಂಡವರೂ ವೃಷ್ಣಿಗಳೂ ಪಾಂಚಾಲರೂ ಇರಲು ನೀನು ಅನಾಥನಂತೆ ಹೇಗೆ ಹತನಾದೆ ಎಂದು ಅವಳು ಗೋಳಿಟ್ಟಳು. ಭಗವಂತನು ಅವಳನ್ನು ಗದರಿಸಲಿಲ್ಲ, ಅವಳ ಪೂರ್ವಕರ್ಮವನ್ನು ಎತ್ತಿ ಆಡಲಿಲ್ಲ. ತಾನೇ ಅವಳ ಬಳಿಗೆ ಹೋಗಿ, ವೀರರು ಪಡೆಯುವ ಸದ್ಗತಿಯನ್ನು ಮಗನು ಪಡೆದನೆಂದು ಸಮಾಧಾನ ಹೇಳಿದನು. ಅಣ್ಣನು ದೇವರಾದರೂ ಮಗ ಉಳಿಯಲಿಲ್ಲ. ಮಗ ಉಳಿಯದಿದ್ದರೂ ಅಣ್ಣನು ಕೈಬಿಡಲಿಲ್ಲ. ಅದೇ ಮನೆಯ ಹಿರಿಯಳಾದ ಕುಂತಿಯು ಯುದ್ಧಾನಂತರ, ಕೃಷ್ಣನ ದರ್ಶನವನ್ನು ತಂದುಕೊಡುವ ವಿಪತ್ತುಗಳೇ ಮತ್ತೆ ಮತ್ತೆ ಬರಲೆಂದು ಬೇಡಿದಳೆಂದು ಶ್ರೀಮದ್ಭಾಗವತವು ಹೇಳುತ್ತದೆ.

ಬೇಡಿದ್ದು ದೊರೆತುದೆಲ್ಲವೂ ಅನುಗ್ರಹವೆನ್ನಲಾಗದು. ಭಾಗವತದ ದಶಮಸ್ಕಂಧದಲ್ಲಿ ವೃಕಾಸುರನ ಕಥೆಯಿದೆ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸಾಯಬೇಕೆಂಬ ವರವನ್ನು ರುದ್ರದೇವರಿಂದ ಪಡೆದ ಅವನು, ಕೊನೆಗೆ ತನ್ನ ತಲೆಯ ಮೇಲೆಯೇ ಕೈಯಿಟ್ಟು ಅಳಿದನು. ಆ ಕಥೆಗೆ ಮುನ್ನ, ತಾನು ಯಾರನ್ನು ಅನುಗ್ರಹಿಸುವೆನೋ ಅವರ ಧನವನ್ನು ಮೆಲ್ಲನೆ ಹರಿಸುವೆನೆಂಬ ಭಗವಂತನ ಮಾತೂ ಅಲ್ಲಿಯೇ ಇದೆ.

ಹಾಗಾದರೆ ಪ್ರಾರ್ಥಿಸುವುದನ್ನು ಬಿಡಬೇಕೆ? ಬೇಡ. ಮಗುವಿಗೆ ಜ್ವರ ಬಂದರೆ ವೈದ್ಯರಲ್ಲಿಗೂ ಹೋಗೋಣ, ದೇವರಿಗೂ ಕೈ ಮುಗಿಯೋಣ; ಪ್ರಯತ್ನವೂ ಪ್ರಾರ್ಥನೆಯೂ ಅವನ ಪೂಜೆಯೇ. ಫಲವನ್ನು ಮಾತ್ರ ಅವನಿಗೆ ಬಿಡೋಣ. ವಿಹಿತಕರ್ಮವನ್ನು ಮಾಡುತ್ತ, ಬಂದುದನ್ನು ಉಣ್ಣುತ್ತ, ಮನಸ್ಸನ್ನು ಸದಾ ಹರಿಪಾದದಲ್ಲಿರಿಸಬೇಕೆಂದು ಶ್ರೀಮದಾಚಾರ್ಯರು ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯದಲ್ಲಿ ಉಪದೇಶಿಸಿದ್ದಾರೆ. ದುಃಖ ಬಂದ ಮನೆಗೆ ನಾವು ಹೋದಾಗ ಉಪನ್ಯಾಸ ಮಾಡದೆ, ಸುಭದ್ರೆಯ ಬಳಿಗೆ ಹೋದ ಶ್ರೀಕೃಷ್ಣನನ್ನು ನೆನೆದು, ಅವರೊಡನೆ ಸ್ವಲ್ಪ ಹೊತ್ತು ಕುಳಿತಿರೋಣ. ಅದೂ ಹರಿಸೇವೆಯೇ.

॥ ಶ್ರೀಕೃಷ್ಣಾರ್ಪಣಮಸ್ತು ॥