ಮೇಳದ ಸದ್ದು ಮತ್ತು ಕಿವಿಯ ಬಿರಡೆ

ದಾಂಡೇಲಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯನ್ನು ನೋಡಿಕೊಂಡು ಜೋಯಿಡಾ ಕಡೆಯ ಕಾಡಂಚಿನ ಹಳ್ಳಿಗೆ ಹಿಂದಿರುಗಿದ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹಾಸಿಗೆಯಲ್ಲಿ ಒರಗಿದೊಡನೆ ಅವನಿಗೆ 'ಗುಂಯ್' ಎಂಬ ಸಣ್ಣ ಸದ್ದು ಕೇಳತೊಡಗುವುದು. ಮೊದಲು ಜೀರುಂಡೆಯೆಂದು ತಿಳಿಯುವನು. ಆದರೆ ಅಂಗೈಗಳಿಂದ ಕಿವಿ ಮುಚ್ಚಿಕೊಂಡರೂ ಸದ್ದು ನಿಲ್ಲದು. ಜೀರುಂಡೆಯಾಗಿದ್ದರೆ ತಗ್ಗಬೇಕಾಗಿತ್ತು, ಇದು ಕಿವಿಯೊಳಗೇ ಹುಟ್ಟಿದುದು. ಪೇಟೆಯ ಗದ್ದಲದಲ್ಲಿ ಮಲಗಿದ್ದರೆ ಅವನಿಗೆ ಇದು ತಿಳಿಯುತ್ತಲೇ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಸದ್ದು ಅಡಗಿದರೆ ಅವನು ಎಲ್ಲವನ್ನೂ ಮರೆತುಬಿಡುವನು. ಮರೆಯಬಾರದೇಕೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಈ ಸೀಮೆಯು ವಾದ್ಯಗಳಿಗೆ ಹೊಸದೇನೂ ಅಲ್ಲ. ಹಳಿಯಾಳ, ಮುಂಡಗೋಡಗಳ ಸಿದ್ದಿ ಜನರ ಡಮಾಮಿ ಕುಣಿತವುಂಟು. ಮುಂಡಗೋಡದ ಟಿಬೆಟನ್ ನೆಲೆಯಲ್ಲಿ 1969ರಲ್ಲಿ ಮರಳಿ ಸ್ಥಾಪಿತವಾದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಪೂಜೆಗಳಲ್ಲಿ ನೀಳವಾದ ಕಹಳೆ, ನಗಾರಿ, ದೊಡ್ಡ ತಾಳಗಳು ಮೊಳಗುವುವು. ಇವೂ ಬಾರಿಸುವವನ ಕಿವಿಗೆ ಸೌಮ್ಯವಾದುವೆಂದು ಹೇಳಲಾಗದು. ಆದರೂ ಚರ್ಮವಾದ್ಯಕ್ಕೆ ಒಂದು ಮಿತಿಯುಂಟು: ತೋಳು ದಣಿಯುವುದು, ಉಸಿರು ತೀರುವುದು. ವಾಹನದ ಮೇಲೆ ಪೇರಿಸಿದ ಧ್ವನಿವರ್ಧಕಕ್ಕೆ ಆ ದಣಿವಿಲ್ಲ.

ಶಬ್ದವು ಕಿವಿದಮಟೆಯನ್ನು ನಡುಗಿಸಿ, ಮೂರು ಕಿರುಮೂಳೆಗಳ ಮೂಲಕ ಶಂಖದಾಕಾರದ ಒಳಕಿವಿಯನ್ನು ಮುಟ್ಟುವುದು. ಅಲ್ಲಿ ಸುಮಾರು 15,000 ರೋಮಕೋಶಗಳು ದ್ರವದ ಅಲುಗಾಟಕ್ಕೆ ಬಾಗಿ ನರಕ್ಕೆ ಸುದ್ದಿ ಕೊಡುತ್ತವೆ. ಅತಿಯಾದ ಸದ್ದಿನಿಂದ ಅವು ಬಳಲಿ, ಕೆಲವು ಸಾಯುವುವು. ಚರ್ಮವಾಗಲಿ ಉಗುರಾಗಲಿ ಮತ್ತೆ ಬೆಳೆಯುವಂತೆ ಮನುಷ್ಯನ ರೋಮಕೋಶಗಳು ಬೆಳೆಯವು. ಇನ್ನೊಂದು ಸಂಗತಿಯನ್ನು ಕುಜಾವಾ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ದೊಡ್ಡ ಸದ್ದಿಗೆ ಒಡ್ಡಿದ ಇಲಿಗಳ ಶ್ರವಣವು ಕೆಲವು ದಿನಗಳಲ್ಲಿ ಮೊದಲಿನಂತಾಯಿತು. ಆದರೆ ರೋಮಕೋಶಕ್ಕೂ ನರಕ್ಕೂ ಇರುವ ಕೂಡಿಕೆಗಳಲ್ಲಿ ಅನೇಕವು ಶಾಶ್ವತವಾಗಿ ಕಳಚಿಹೋಗಿದ್ದುವು. ಬೆಳಗಿನ ಹೊತ್ತಿಗೆ 'ಸರಿಹೋದ' ಕಿವಿಯನ್ನು ಆದುದರಿಂದ ಪೂರ್ತಿಯಾಗಿ ನಂಬುವಂತಿಲ್ಲ.

ಮೊದಲು ಪೆಟ್ಟು ಬೀಳುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ಸ್ವರಗಳ ಗ್ರಹಣಕ್ಕೆ. ಇದರ ಕಾರಣದ ಒಂದಂಶವನ್ನು ವಾಚಕರೇ ಲೆಕ್ಕ ಹಾಕಬಹುದು. ಹೊರಗಿವಿಯ ನಾಳವು ಸುಮಾರು 2.5 ಸೆಂಟಿಮೀಟರ್ ಉದ್ದವಾಗಿದ್ದು ಒಂದು ಕಡೆ ಮುಚ್ಚಿದ ಕೊಳವೆಯಂತಿದೆ. ಅಂಥ ಕೊಳವೆಯು ತನ್ನ ಉದ್ದದ ನಾಲ್ಕರಷ್ಟು ತರಂಗಾಂತರದ ಸ್ವರಕ್ಕೆ, ಎಂದರೆ 10 ಸೆಂಟಿಮೀಟರಿಗೆ, ಅನುರಣಿಸುವುದು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಆದಕಾರಣ ಆ ಸ್ವರದ ಕಂಪನಗಳು 3400. ಬಾಯಿ ಕಿರಿದಾದ ಸೀಸೆಯೊಳಕ್ಕೆ ಊದಿದಾಗ ಒಂದೇ ಸ್ವರ ಮೊಳಗುವಂತೆ, ನಾಳವು ಈ ಪ್ರಾಂತದ ಸದ್ದನ್ನೇ ಹಿಗ್ಗಿಸಿ ಒಳಕ್ಕೆ ಕಳುಹಿಸುವುದು. ಅದಕ್ಕಿಂತ ತುಸು ಮೇಲಿನ ಸ್ವರಗಳನ್ನು ಹಿಡಿಯುವ ಕೋಶಗಳು ಹೆಚ್ಚು ಹಾನಿಗೊಳ್ಳುವುವು. 'ಸ', 'ಶ'ಗಳಂಥ ವ್ಯಂಜನಗಳ ಗುರುತು ಇರುವುದೂ ಮೇಲಿನ ಸ್ವರಗಳಲ್ಲಿಯೇ. ಆದುದರಿಂದಲೇ ಇಂಥ ಕಿವುಡಿನವರು "ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎನ್ನುವುದು.

ಇನ್ನು ಪ್ರಮಾಣದ ಮಾತು. ಡೆಸಿಬೆಲ್ಲಿನ ಲೆಕ್ಕದಲ್ಲಿ 10 ಹೆಚ್ಚಿದರೆ ಶಬ್ದಶಕ್ತಿಯು ಹತ್ತು ಪಟ್ಟಾಗುವುದು, 3 ಹೆಚ್ಚಿದರೆ ಇಮ್ಮಡಿ. 85 ಡೆಸಿಬೆಲ್ಲನ್ನು ದಿನಕ್ಕೆ 8 ಗಂಟೆ ಕೇಳಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ. ಪ್ರತಿ 3 ಡೆಸಿಬೆಲ್ಲಿಗೆ ಈ ಅವಧಿ ಅರ್ಧವಾಗುವುದು. ಅಂತೆಯೇ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ; 100ಕ್ಕೆ ಕೇವಲ 15 ನಿಮಿಷ. ದೊಡ್ಡ ಧ್ವನಿವರ್ಧಕಗಳ ಎದುರಿನಲ್ಲಿ 100ನ್ನು ದಾಟುವುದು ಅಪರೂಪವಲ್ಲ. ಮೆರವಣಿಗೆಯಾದರೋ 15 ನಿಮಿಷಕ್ಕೆ ಮುಗಿಯುವಂಥದಲ್ಲ.

ಕಿವಿಯ ಬಿರಡೆ, ಅಂಗಡಿಯವರು ಇಯರ್‌ಪ್ಲಗ್ ಎನ್ನುವುದು, ಇಲ್ಲಿಯೇ ಉಪಯೋಗಕ್ಕೆ ಬರುವುದು. ಅದು ಸದ್ದನ್ನು 15 ಡೆಸಿಬೆಲ್ಲಿನಷ್ಟು ಇಳಿಸಿದರೂ 100 ಎಂಬುದು 85 ಆಗಿ, 15 ನಿಮಿಷದ ಅವಧಿ 8 ಗಂಟೆಯಾಗುವುದು. ಆದರೆ ಎರಡು ಲೆಕ್ಕಗಳನ್ನು ಗಮನಿಸಬೇಕು. ಬಿರಡೆಯ ಪಕ್ಕದಲ್ಲಿ ನೂರರಲ್ಲಿ ಒಂದು ಪಾಲು ಸಂದು ಉಳಿದು, ಅದೇ ಪ್ರಮಾಣದಲ್ಲಿ ಶಕ್ತಿ ಒಳಹೊಕ್ಕಿತೆನ್ನೋಣ. ಆಗ ಬಿರಡೆಯು ಎಷ್ಟೇ ಉತ್ತಮವಾಗಿರಲಿ ರಕ್ಷಣೆ 20 ಡೆಸಿಬೆಲ್ಲನ್ನು ಮೀರದು. ಎರಡನೆಯದು ಇನ್ನೂ ಆಶ್ಚರ್ಯಕರ. 20 ಡೆಸಿಬೆಲ್ ತಡೆಯುವ ಬಿರಡೆಯನ್ನು ಮೂರು ಗಂಟೆಯ ಮೇಳದಲ್ಲಿ ಧರಿಸಿ, ಗೆಳೆಯರೊಡನೆ ಮಾತನಾಡಲೆಂದು ನಡುವೆ 18 ನಿಮಿಷ ತೆಗೆದರೆ, ಒಟ್ಟಿನಲ್ಲಿ ದೊರೆತ ರಕ್ಷಣೆ 10 ಡೆಸಿಬೆಲ್ಲಿಗೂ ಕಡಿಮೆ! ತೆಗೆದ ಆ ಹತ್ತನೆಯ ಒಂದು ಪಾಲು ಹೊತ್ತಿನಲ್ಲಿ ಬಂದ ಶಕ್ತಿಯು ಉಳಿದ ಹೊತ್ತಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಮಾತನಾಡುವುದಿದ್ದರೆ ಮೊದಲು ದೂರ ಸರಿದು ಆಮೇಲೆ ತೆಗೆಯಬೇಕು.

ಕಿವಿಗೆ ಅರಳೆ ತುರುಕುವ ಪದ್ಧತಿ ನಮ್ಮಲ್ಲುಂಟು. ಅದರ ಎಳೆಗಳ ನಡುವೆ ಗಾಳಿ ಸಲೀಸಾಗಿ ಆಡುವುದರಿಂದ ಪ್ರಯೋಜನ ಬಹು ಅಲ್ಪ. ಸ್ಪಂಜಿನಂಥ ಮೆತ್ತನೆಯ ಬಿರಡೆಗಳು ಔಷಧದಂಗಡಿಗಳಲ್ಲಿ ಅಗ್ಗವಾಗಿ ದೊರೆಯುವುವು. ಶುಚಿಯಾದ ಬೆರಳುಗಳಿಂದ ಅದನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ನಾಳದೊಳಕ್ಕೆ ಸೇರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಬಳಿಕ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ: ಸದ್ದು ಬಹಳವಾಗಿ ತಗ್ಗಿದರೆ ಬಿರಡೆ ಸರಿಯಾಗಿ ಕುಳಿತಿಲ್ಲ. ಪೊಟ್ಟಣದ ಮೇಲೆ ಮುದ್ರಿಸಿದ ಅಂಕಿಯು ಪ್ರಯೋಗಶಾಲೆಯದು. ಬಳಕೆಯಲ್ಲಿ ಸಾಮಾನ್ಯವಾಗಿ ಅಷ್ಟು ಸಿಕ್ಕುವುದಿಲ್ಲ. ಕಿವಿ ಸೋರುವವರು ಬಿರಡೆ ಇಡದೆ ವೈದ್ಯರನ್ನು ಕಾಣಬೇಕು. ಹೆಗಲೇರಿ ಮೆರವಣಿಗೆ ನೋಡುವ ಕಂದಮ್ಮಗಳಿಗೆ ಬಿರಡೆಗಿಂತ ಕಿವಿಯನ್ನು ಹೊರಗಿನಿಂದ ಮುಚ್ಚುವ ಬಟ್ಟಲುಗಳು ಮೇಲು.

"ಬಿರಡೆಯಿಟ್ಟರೆ ಸಂಗೀತವೇ ಕೆಡುವುದು" ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಸ್ಪಂಜಿನ ಬಿರಡೆಯು ಮೇಲಿನ ಸ್ವರಗಳನ್ನು ಹೆಚ್ಚಾಗಿ ನುಂಗುವುದರಿಂದ ತಾಳದ ಝಣತ್ಕಾರ ಮಾಸಿ, ಡೋಲಿನ ಗುಡುಗು ಉಳಿಯುವುದು. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ 15 ಡೆಸಿಬೆಲ್ ತಗ್ಗಿಸುವ, ವಾದಕರಿಗೆಂದೇ ರಚಿಸಿದ ಬಿರಡೆಯು 1988ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಬೆಲೆ ಹೆಚ್ಚು, ಆದರೆ ದಿನವೂ ಬಾರಿಸುವವನಿಗೆ ಅದೇ ಯೋಗ್ಯ. ಹಾಡುವವರಿಗೆ ಇನ್ನೊಂದು ತೊಡಕುಂಟು. ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿ ಗುನುಗಿದರೆ ಸ್ವಂತ ದನಿಯೇ ಕೊಡದೊಳಗಿನಿಂದ ಬಂದಂತೆ ಮೊಳಗುವುದು. ಮೂಳೆಯ ಮೂಲಕ ಬಂದ ಕಂಪನವು ನಾಳದಲ್ಲಿ ಸೆರೆಯಾಗುವುದೇ ಕಾರಣ. ಬಿರಡೆಯನ್ನು ಆಳಕ್ಕೆ ಕೂರಿಸಿದಷ್ಟೂ ಈ ಮೊಳಗು ಕಡಿಮೆ.

ದಾಂಡೇಲಿಯಂಥ ಕಾರ್ಖಾನೆಯ ಊರಿನಲ್ಲಿ ಯಂತ್ರದ ಬಳಿ ಕಿವಿಗೆ ರಕ್ಷೆ ಬೇಕೆಂಬುದು ಹೊಸ ಮಾತಲ್ಲ. ಹಾಡಿನ ಸದ್ದಾದರೆ ಮಾತ್ರ ನಾವು ಬರಿಗಿವಿಯೊಡ್ಡಿ ನಿಲ್ಲುವೆವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ನಿಯಮಗಳು ನೆರೆಯವರ ನಿದ್ದೆಯನ್ನು ಕಾಯುತ್ತವೆ; ಅದರ ಮುಂದೆ ಕುಣಿಯುವವನ ಕಿವಿಗೆ ಅವುಗಳಿಂದ ಒದಗುವುದು ಅಷ್ಟಕ್ಕಷ್ಟೆ. ಮೇಳಗಳಲ್ಲಿ 15 ನಿಮಿಷಗಳ ಸರಾಸರಿ 100 ಡೆಸಿಬೆಲ್ಲನ್ನು ಮೀರಬಾರದೆಂದೂ, ಪ್ರೇಕ್ಷಕರಿಗೆ ಬಿರಡೆ ದೊರೆಯುವಂತಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸೂಚಿಸಿದೆ. ನಮ್ಮ ಉತ್ಸವ ಸಮಿತಿಗಳು ಪ್ರಸಾದದ ಜೊತೆಗೆ ಒಂದು ಡಬ್ಬಿ ಬಿರಡೆಗಳನ್ನು ಇಟ್ಟರೆ ಖರ್ಚು ಪಟಾಕಿಯದಕ್ಕಿಂತ ಹೆಚ್ಚಾಗದು.

ಬಿರಡೆ ಇಲ್ಲದಿದ್ದರೆ ದೂರವೇ ಬಿರಡೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುವುದು. ಧ್ವನಿವರ್ಧಕದಿಂದ 2 ಮೀಟರಿನಲ್ಲಿದ್ದವನು 16 ಮೀಟರಿಗೆ ಸರಿದರೆ 18 ಡೆಸಿಬೆಲ್ ಉಳಿತಾಯ. ಎರಡು ಬದಿಯೂ ಗೋಡೆಗಳಿರುವ ಇಕ್ಕಟ್ಟಾದ ಪೇಟೆಬೀದಿಯಲ್ಲಿ ಪ್ರತಿಧ್ವನಿಯ ದೆಸೆಯಿಂದ ಅಷ್ಟು ಇಳಿಯದು. ಅಲ್ಲಿ ಬಿರಡೆಯೇ ಬೇಕು. ಮನೆಗೆ ಬಂದ ಮೇಲೆಯೂ ಆ 'ಗುಂಯ್' ಸದ್ದು ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ, ಇಲ್ಲವೇ ಒಂದು ಕಿವಿ ಥಟ್ಟನೆ ಮಂದವಾದರೆ, ಎಣ್ಣೆ ಬಿಟ್ಟುಕೊಂಡು ಕಾಲ ಕಳೆಯದೆ ಕಿವಿಯ ವೈದ್ಯರಲ್ಲಿಗೆ ಹೋಗಬೇಕು.